ಟೈಪಿಂಗ್ ಮಾಸ್ತರರ ಹತ್ತಿಯ ಹಿಮ

ಮಾಸ್ತರು ನಮ್ಮ ಮನೆಗೆ ಹತ್ತಿ ಕೇಳಲು ಬಂದ ದಿನ ಅವರ ಬಗಲಲ್ಲಿ ಒಂದು ಇಲಿ ಇತ್ತು. ಕುರಿಮರಿಯಷ್ಟು ದೊಡ್ಡ ಇಲಿ. ತಂತಿಯ ಮೈ, ಮೈತುಂಬ ಸಣ್ಣ ಸಣ್ಣ ಬಲ್ಬು, ಎರಡೂ ಕೈ ಜೋಡಿಸಿಕೊಂಡು ನಿಂತ ಭಂಗಿ. ಹಿಂದಿನ ಓಣಿಯ ಗಣಪತಿ ಮಂಡಳದವರು ಆ ವರ್ಷ ಹೊಸ ಇಲಿ ತರಿಸಿದ್ದರಿಂದ ಹಳೆಯದು ಇವರ ಪಾಲಿಗೆ ಬಂದಿತ್ತು. ನಾನು ಕಟ್ಟೆಯ ಮೇಲೆ ಮೆಂತ್ಯಪಲ್ಲೆ ಸೋಸುತ್ತ ಕೂತಿದ್ದೆ.

"ಅಕ್ಕಾರ, ಸಾವಕಾರ್ರಿಗೆ ಹೇಳಿ ಅಂಗಡಿಯಿಂದ ಒಂದೀಟ ಹತ್ತಿ ಕೊಡಸ್ತೀರೇನು?"

"ಯಾಕ್ರಿ, ಗಾದಿ ಮಾಡಸಾಕತ್ತೀರೇನು?"

"ಇಲ್ರಿ, ಇದನ್ನ ಕುರಿ ಮಾಡಬೇಕಾಗೈತಿ."

ಇಷ್ಟನ್ನು ಅವರು ಒಂದಿಷ್ಟೂ ನಗದೆ ಹೇಳಿದರು. ಕುರಿಯಾಗಬೇಕಾದ ಇಲಿ ನನ್ನತ್ತ ಕೈಮುಗಿದು ನೋಡುತ್ತಿತ್ತು.

ನಮ್ಮವರದು ಬೈಲಹೊಂಗಲದ ಮಾರುಕಟ್ಟೆಯಲ್ಲಿ ಹತ್ತಿಯ ಅಡತಿ ಅಂಗಡಿ. ಮಾಸ್ತರರ ಮನೆ ನಮ್ಮ ಗೋಡೆಗೆ ಗೋಡೆ. ಊರಿನ ಅರ್ಧ ಕಚೇರಿಗಳ ಕಾರಕೂನರಿಗೆ ಟೈಪಿಂಗ್ ಕಲಿಸಿದವರು ಅವರು. ಮನೆಯ ಮುಂದಿನ ಕೋಣೆಯೇ ಅವರ ಕ್ಲಾಸು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು, ಆಮೇಲೆ ಎಲ್ಲರ ಕೈಗೂ ಮೊಬೈಲ್ ಬಂದು ಹೆಬ್ಬೆರಳೊಂದೇ ಸಾಕಾಯಿತು, ಕ್ಲಾಸು ಮುಚ್ಚಿತು. ಅವರ ಹೆಂಡತಿ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಓಣಿಗೆಲ್ಲ ಅವರು ಬಾಯಾರು. ಕ್ರಿಸ್ಮಸ್ ಮಾಡುವ ಮನೆ ನಮ್ಮ ಓಣಿಯಲ್ಲಿ ಅದೊಂದೇ. ಹೋದ ಮಳೆಗಾಲದಲ್ಲಿ ಮಾಸ್ತರು ತೀರಿಕೊಂಡರು. ಅವರನ್ನು ನೆನೆದರೆ ಅಳು ಬರಬೇಕು. ನನಗೆ ಮೊದಲು ಬರುವುದು ಆ ಇಲಿ, ಅದರ ಹಿಂದೆ ನಗು.

ಅವರ ಹತ್ತು ಬೆರಳೂ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಕಡಿಮೆ. ಕೂತಲ್ಲಿ ಕಟ್ಟೆಯ ಮೇಲೆ, ನಿಂತಲ್ಲಿ ಕಂಪೌಂಡಿನ ಮೇಲೆ, ಏನೂ ಸಿಗದಿದ್ದರೆ ತಮ್ಮ ಹೊಟ್ಟೆಯ ಮೇಲೆಯೇ ಟೈಪು ನಡೆಯುತ್ತಿತ್ತು. ಯಾರಾದರೂ ಉದ್ದುದ್ದ ಮಾತಾಡಿದರೆ ಬೆರಳಿನ ವೇಗ ಹೆಚ್ಚುತ್ತಿತ್ತು. ನಮ್ಮವರು ರಾಜಕಾರಣ ಶುರು ಮಾಡಿದಾಗಲಂತೂ ಚಹದ ಬಶಿ ಅಲುಗಾಡುವಷ್ಟು. ಒಮ್ಮೆ ನಾನೇ ಕೇಳಿದೆ, "ಏನ ಬರ್ಯಾಕತ್ತೀರಿ ಮಾಸ್ತರ?" "ಸಾವಕಾರ್ರು ಹೇಳಿದ್ದನ್ನ ತಿದ್ದಾಕತ್ತೇನ್ರಿ," ಅಂದರು.

ಅವರ ಎದುರಿಗೆ ಯಾವ ವಸ್ತುವನ್ನೂ ಹಳೆಯದು ಎನ್ನುವಂತಿರಲಿಲ್ಲ. "ಹಳೇದ ಅನಬ್ಯಾಡ್ರಿ. ಅದಕ್ಕ ಕೆಲಸ ರೂಢಿ ಆಗೈತಿ ಅನ್ರಿ." ಕ್ರಿಸ್ಮಸ್ಸಿಗೆ ಅವರು ಮನೆಯ ಮುಂದೆ ದೇವರ ಕೂಸು ಹುಟ್ಟಿದ ಕೊಟ್ಟಿಗೆ ಹೂಡಿ ಕಟ್ಟುತ್ತಿದ್ದ ದೀಪದ ಆಟದಲ್ಲಿ ಹೊಸದು ಎನ್ನುವ ಸಾಮಾನು ಒಂದೂ ಇರುತ್ತಿರಲಿಲ್ಲ. ಎಲ್ಲವೂ ಬೇರೆ ಹಬ್ಬ, ಬೇರೆ ಮದುವೆ, ಬೇರೆ ಮೆರವಣಿಗೆಗಳಲ್ಲಿ ದುಡಿದು ದಣಿದು ಬಂದವು. ಸವದತ್ತಿಯ ಮದುವೆ ಹಾಲಿನಲ್ಲಿ ಗಂಡುಹೆಣ್ಣಿನ ಬೆನ್ನ ಹಿಂದೆ ತಿರುಗುತ್ತಿದ್ದ ಚಕ್ರ ಇಲ್ಲಿ ನಕ್ಷತ್ರವಾಯಿತು. ರಾಮದುರ್ಗದಲ್ಲಿ ಬಾಗಿಲು ಹಾಕಿದ ಟಾಕೀಜಿನ ಬಣ್ಣದ ಬಲ್ಬಿನ ಸಾಲು ಮಾಳಿಗೆಯ ಅಂಚಿಗೆ ಬಂತು. ಕಿತ್ತೂರಿನಲ್ಲಿ ಯಾವುದೋ ಸ್ತಬ್ಧಚಿತ್ರದಿಂದ ಕಳಚಿ ಒಗೆದಿದ್ದ ಮೂವರು ಥರ್ಮಾಕೋಲ್ ಸೈನಿಕರು ಮೂಡಣ ದೇಶದ ಮೂವರು ರಾಜರಾದರು. ಕೈಯಲ್ಲಿದ್ದ ಕತ್ತಿ ತೆಗೆದು ಕರದಂಟಿನ ಖಾಲಿ ಡಬ್ಬಿ ಕೊಟ್ಟಿದ್ದರು. ಮೀಸೆ ಹಾಗೇ ಇತ್ತು, ಎತ್ತಿದ ಕೈಯೂ ಹಾಗೇ ಇತ್ತು. ಎದುರುಮನೆಯ ಆಯಿ ಕೋಲೂರಿಕೊಂಡು ಬಂದು ಅವರನ್ನು ಬಹಳ ಹೊತ್ತು ನೋಡಿ, "ಮಾಸ್ತರಾ, ಇವರು ಕೂಸಿನ್ನ ನೋಡಾಕ ಬಂದಾರೋ, ಡಬ್ಬಿ ತಗೊಂಡ ಹೊಡ್ಯಾಕ ಬಂದಾರೋ?" ಅಂದಳು.

ನವಿಲಿನದು ಇನ್ನೊಂದು ಕಥೆ. ಮುನವಳ್ಳಿಯ ಡೆಕೋರೇಶನ್‌ದವರು ಬಿಟ್ಟುಕೊಟ್ಟ ನವಿಲು ಅದು. ನವಿಲುತೀರ್ಥದ ಬಾಜೂಕಿನ ಊರಿಗೆ ಹೋಗಿ ನವಿಲು ಬಿಟ್ಟು ಬರಲೇ ಎಂದು ಮಾಸ್ತರರ ವಾದ. ಬರುವಾಗ ಬಸ್ಸಿನಲ್ಲಿ ಅದನ್ನು ಕಿಟಕಿಯ ಕಡೆ ಕೂರಿಸಿ ತಾವು ಈಚೆ ಕೂತರಂತೆ. ಕಂಡಕ್ಟರ್ ಬಂದು, ಇದಕ್ಕೆ ಲಗೇಜ್ ಆಗುತ್ತದೆ ಎಂದ.

"ಹೆಣ್ಮಕ್ಕಳಿಗೆ ಬಸ್ಸು ಫುಕಟ್ ಐತೆಲ್ಲಪಾ," ಅಂದರು ಮಾಸ್ತರು.

ಕಂಡಕ್ಟರ್ ನವಿಲಿನ ಹಿಂದೆ ಮುಂದೆ ಸಾವಕಾಶ ನೋಡಿದ. "ಬಾಲ ನೋಡ್ರಿ ಸರ್, ಗಂಡ ಐತಿ. ಹೆಣ್ಣ ಇದ್ರ ನಾನೂ ಬಿಡತಿದ್ನಿ."

ಮಾತಿನಲ್ಲಿ ತಮ್ಮನ್ನು ಸೋಲಿಸಿದವನು ಸಿಕ್ಕ ಸಂತೋಷಕ್ಕೆ ಮಾಸ್ತರು ಲಗೇಜ್ ಟಿಕೆಟ್ ತೆಗೆಸಿದ್ದಲ್ಲದೆ ಬೈಲಹೊಂಗಲ ಸ್ಟ್ಯಾಂಡಿನಲ್ಲಿ ಆತನಿಗೆ ಚಹಾ ಕುಡಿಸಿಯೇ ಮನೆಗೆ ಬಂದರು. ಮನೆಯಲ್ಲಿ ಬಾಯಾರು ಕಾದಿದ್ದರು.

"ಕೊಟಗಿಯೊಳಗ ನವಿಲ ಎಲ್ಲಿಂದ ಬಂತ್ರಿ?"

"ಎಲ್ಲಾ ಪ್ರಾಣಿ ಬಂದಿದ್ದುವಲ್ಲ?"

"ಅದ ಪ್ರಳಯದ ಹಡಗಿನ ಕಥಿ. ಇದ ಕೊಟಗೀದು. ಟೈಪಿಂಗ್ ಒಂದ ಬಿಟ್ಟು ಯಾವುದೂ ಸರಿಯಾಗಿ ಓದಿಲ್ಲ ನೀವು."

ನವಿಲು ಉಳಿಯಿತು. ಬಾಯಾರು ಹೀಗೆ ಬಯ್ಯುತ್ತಲೇ ಒಂದೊಂದನ್ನೂ ಒಳಗೆ ಬಿಟ್ಟುಕೊಂಡದ್ದರಿಂದ ಮುಂದಿನ ಕೋಣೆ ನೆಲದಿಂದ ಜಂತಿಯವರೆಗೆ ತುಂಬಿಹೋಗಿತ್ತು.

ದೀಪ ಕುಣಿಸುವುದಕ್ಕೆ ಅವರು ಹೂಡಿದ ಉಪಾಯ ಟೈಪಿಂಗ್ ಮಾಸ್ತರರಿಗಷ್ಟೇ ಹೊಳೆಯುವಂಥದು. ಕ್ಲಾಸಿನಲ್ಲಿ ಉಳಿದಿದ್ದ ಹಳೆಯ ಕಂಪ್ಯೂಟರಿನ ಬೆನ್ನಿಗೆ, ಹಿಂದೆ ಪ್ರಿಂಟರ್ ಚುಚ್ಚುತ್ತಿದ್ದ ಕಡೆಯಿಂದ ತಂತಿ ಎಳೆದು, ಒಂದು ಹಲಗೆಯ ಮೇಲೆ ಕಟಕಟ ಎನ್ನುವ ಸಣ್ಣ ಸಣ್ಣ ಸ್ವಿಚ್ಚುಗಳನ್ನು ಕೂರಿಸಿದ್ದರು. ಒಂದೊಂದು ಅಕ್ಷರಕ್ಕೆ ಒಂದೊಂದು ದೀಪದ ಸರ. ಏನನ್ನಾದರೂ ಟೈಪು ಮಾಡಿಟ್ಟರೆ ಕಂಪ್ಯೂಟರ್ ಅದನ್ನು ಅಕ್ಷರ ಅಕ್ಷರವಾಗಿ ಓದುತ್ತ ಅದಕ್ಕೆ ತಕ್ಕ ದೀಪ ಹಚ್ಚುತ್ತಿತ್ತು. ಎಡಗೈ ಕಿರುಬೆರಳಿಗೆ ನವಿಲು, ಬಲಗೈ ತೋರುಬೆರಳಿಗೆ ರಾಜರು, ಪೂರ್ಣವಿರಾಮಕ್ಕೆ ನಕ್ಷತ್ರ. ಟೈಪು ಮಾಡಿಟ್ಟದ್ದು ಯಾವುದು ಅಂದರೆ, ವರ್ಷಾನುಗಟ್ಟಲೆ ಕ್ಲಾಸಿನಲ್ಲಿ ಕಲಿಸಿದ ರಜೆ ಅರ್ಜಿ. ಬೇರೆ ಏನೂ ಅವರಿಗೆ ಅಷ್ಟು ಬಾಯಿಪಾಠ ಇರಲಿಲ್ಲ. ಹೀಗಾಗಿ ನಮ್ಮ ಓಣಿಯ ಕ್ರಿಸ್ಮಸ್ ದೀಪಗಳು, ಜ್ವರ ಬಂದಿರುವ ಕಾರಣ ಕಚೇರಿಗೆ ಬರಲಾಗದ ಒಬ್ಬ ಕಾರಕೂನನ ವಿನಂತಿಗೆ ತಕ್ಕಂತೆ ಕುಣಿಯುತ್ತಿದ್ದವು.

ಬಾಯಾರು ಅದರಲ್ಲೂ ಕೊರತೆ ಹುಡುಕಿದರು. "ಇಷ್ಟುದ್ದ ಅರ್ಜಿಯೊಳಗ ನಕ್ಷತ್ರ ಹತ್ತೂದ ಇಲ್ಲಲ್ರಿ. ಆ ರಾಜರು ದಾರಿ ತಪ್ಪಿ ಧಾರವಾಡಕ್ಕ ಹೋಗತಾರ."

ಮಾಸ್ತರು ಅರ್ಜಿಯನ್ನು ತಿದ್ದಿದರು. ಜ್ವರ ಬಂದಿದೆ. ತಲೆ ನೋಯುತ್ತಿದೆ. ರಜೆ ಕೊಡಿ. ಬೇಗ ಕೊಡಿ. ಆ ವರ್ಷದಿಂದ ನಕ್ಷತ್ರ ಚಳಿಜ್ವರದ ರೋಗಿಯ ಹಾಗೆ ನಡುಗುತ್ತ ಬೆಳಗತೊಡಗಿತು.

ಇಷ್ಟೆಲ್ಲ ಮಾಡುವ ಮನುಷ್ಯನಿಗೆ ಕರೆಂಟಿನ ಭಯ. ರಬ್ಬರ್ ಚಪ್ಪಲಿ, ಹೆಂಡತಿಯ ದವಾಖಾನೆಯ ಕೈಗವಸು, ಮೇಲೆ ಒಂದು ಒಣ ಗೋಣಿಚೀಲ, ಇಷ್ಟಿಲ್ಲದೆ ಅವರು ಪ್ಲಗ್ಗು ಮುಟ್ಟುತ್ತಿರಲಿಲ್ಲ. ಪ್ರತಿ ವರ್ಷ ಅರ್ಜಿ ಅರ್ಧಕ್ಕೆ ಬರುವುದರೊಳಗೆ ಫ್ಯೂಜ್ ಹಾರುತ್ತಿತ್ತು, ಬಾಯಾರು ಗೊಣಗುತ್ತ ಎದ್ದು ಹೋಗಿ ಬರಿಗೈಯಲ್ಲಿ ತಂತಿ ಕಟ್ಟಿ ಬರುತ್ತಿದ್ದರು. ಅವರು ಎದ್ದಾಗಲೆಲ್ಲ ಜನ ಚಪ್ಪಾಳೆ ತಟ್ಟುವುದೂ ರೂಢಿಯಾಗಿತ್ತು.

ಪಂಥ ಬಿದ್ದದ್ದು ಇದರ ಮೇಲೆಯೇ. ನಾನು ಇಲಿಗೆ ಹತ್ತಿ ಕೊಡಿಸಿದ ವರ್ಷ, ಬಾಯಾರು ಆ ಕೋಣೆ ತಮಗೆ ಬೇಕೆಂದು ಪಟ್ಟು ಹಿಡಿದರು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಿವೃತ್ತರಾದರೂ ಓಣಿಯ ಹೆಂಗಸರು ಬಿ.ಪಿ. ನೋಡಿಸಲು, ಬಾಣಂತಿಯರು ಕೂಸು ತೋರಿಸಲು ಅವರಲ್ಲಿಗೇ ಬರುತ್ತಿದ್ದರು. ಕೂರಲು ಜಾಗವಿಲ್ಲದೆ ಬಿಸಿಲಲ್ಲಿ ನಮ್ಮ ಕಟ್ಟೆಯ ಮೇಲೆ ಕಾಯುತ್ತಿದ್ದರು. ಬಾಯಾರು ಎಲ್ಲರೆದುರಿಗೆ ಗಂಡನಿಗೆ ಸವಾಲು ಹಾಕಿದರು.

"ಈ ಸಲ ಕುರ್ಚಿ ಹಾಕ್ಕೊಂಡ ಕುಂದರತೇನಿ. ನಿಮ್ಮ ಅರ್ಜಿ ಮುಗಿಯೂತನಕ ನಾ ಏಳೂ ಪ್ರಸಂಗ ಬರಲಿಲ್ಲಂದ್ರ ಕೋಣಿ ನಿಮ್ದು, ಜೀವ ಇರೂತನಕ ಕೇಳೂದಿಲ್ಲ. ನಾ ಎದ್ದೆ ಅಂದ್ರ, ಮರುದಿನ ಮುಂಜಾನೆ ಮೋಡಕಾ ಗಾಡಿ ಬರತೈತಿ, ನವಿಲಿಂದ ಹಿಡಿದು ಎಲ್ಲಾ ಗುಜರಿಗೆ."

ಮಾಸ್ತರು ಆಗಲಿ ಅಂದುಬಿಟ್ಟರು. ಎಂದೂ ಇಲ್ಲದ್ದು ಆ ದಿನ ಕಂಪೌಂಡಿನ ಹತ್ತಿರ ನಿಂತು ನನ್ನ ಜೊತೆ ಮೆಲ್ಲಗೆ ಮಾತಾಡಿದರು. "ಅಕಿ ಕೇಳೂದ ಖರೇ ಐತ್ರಿ ಅಕ್ಕಾರ. ಆದ್ರ ಈ ಕೋಣಿ ಹೋತಂದ್ರ ನಾ ಕಟ್ಟಿ ಮ್ಯಾಲೆ ಕುಂದ್ರೂ ಮುದುಕ ಆಗತೇನಿ. ಒಮ್ಮೆ ಅಲ್ಲಿ ಕುಂತವರು ಏಳೂದಿಲ್ಲ. ನಮ್ಮ ವಾರಿಗೀಯವರನ್ನ ನೋಡಾಕತ್ತೇನಲ್ಲ." ಬೆರಳುಗಳು ಕಂಪೌಂಡಿನ ಮೇಲೆ ಮೆಲ್ಲಗೆ ಓಡುತ್ತಿದ್ದವು.

ಡಿಸೆಂಬರ್ ತುಂಬ ಕೆಲಸ ನಡೆಯಿತು. ಫ್ಯೂಜಿನ ಭಯಕ್ಕೆ ಅವರು ಮನೆಮನೆಗೆ ಹೋಗಿ, ಆ ತಾಸು ಯಾರೂ ಮಿಕ್ಸರ್ ಹಚ್ಚಬೇಡಿರಿ ಎಂದು ಹೇಳಿ ಬಂದರು. ಅವತ್ತಿನ ಚಟ್ನಿಯನ್ನು ಓಣಿಯೆಲ್ಲ ಕಲ್ಲಿನಲ್ಲೇ ಅರೆಯಿತು. ಇಲಿಯ ಬಾಲ ಕತ್ತರಿಸಿ, ಮೈತುಂಬ ಹತ್ತಿ ಅಂಟಿಸಿದ ಮೇಲೆ ಅದು ಕೈಮುಗಿದ ಕುರಿಯಾಯಿತು. ಗಣಪತಿಯ ಇಲಿಗೆ ಹೀಗೆ ಮಾಡಬಹುದೇ ಎಂದು ಯಾರೋ ಅಂದಾಗ ಆಯಿಯೇ ತೀರ್ಪು ಕೊಟ್ಟಳು: "ಅಲ್ಲೂ ದೇವರ ಚಾಕರಿ ಮಾಡತಿತ್ತು, ಇಲ್ಲೂ ದೇವರ ಚಾಕರಿ ಮಾಡತೈತಿ. ಬದಲಿ ಆಗೈತಿ, ಅಷ್ಟ."

ಇಲಿ ಚಂದ ಆದದ್ದನ್ನು ನೋಡಿ ಮಾಸ್ತರರಿಗೆ ಆಸೆ ಹೆಚ್ಚಾಯಿತು. ಅಂಗಳಕ್ಕೆಲ್ಲ ಹಿಮ ಬೀಳಿಸಬೇಕು ಎಂದರು. ನಮ್ಮವರು ಕಾಳು ತೆಗೆದ ಹತ್ತಿ ಕೊಡಲು ಹೋದರೆ ಬೇಡವೆಂದರು. "ಕಾಳ ಇರಲಿ ಸಾವಕಾರ್ರ. ತೂಕ ಇರತೈತಿ, ಗಾಳಿಗಿ ಹಾರೂದಿಲ್ಲ." ಹೀಗೆ ಕಾಳು ಸಮೇತ ಹೊಲದಿಂದ ಬಂದ ಹತ್ತಿ ಚೀಲಗಟ್ಟಲೆ ಅವರ ಅಂಗಳದಲ್ಲಿ ಹಿಮವಾಗಿ ಬಿತ್ತು.

ಕೂಸನ್ನು ಮಲಗಿಸುವ ಗ್ವಾದಲಿ, ಅಂದರೆ ದನಕ್ಕೆ ಮೇವು ಹಾಕುವ ತೊಟ್ಟಿ, ಅದರ ವಿಷಯದಲ್ಲಿ ಮಾತ್ರ ಓಣಿ ಸುಮ್ಮನಿರಲಿಲ್ಲ. ಕೊಟ್ಟಿಗೆ, ದನ, ಗ್ವಾದಲಿ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾದದ್ದಲ್ಲ. ಬಂದವರೆಲ್ಲ ತಿದ್ದಿದರು. ಇಷ್ಟು ಎತ್ತರದ ಗ್ವಾದಲಿಗೆ ಯಾವ ಆಕಳು ಬಾಯಿ ಹಾಕೀತು ಎಂದು ಒಬ್ಬರು, ಬಣ್ಣದ ಕಾಗದ ಹಾಸಿದರೆ ದನ ಮೂಸಿಯೂ ನೋಡುವುದಿಲ್ಲ ಎಂದು ಇನ್ನೊಬ್ಬರು. ಆಯಿ ತನ್ನ ಮನೆಯಿಂದ ಒಳ್ಳೆಯ ಜೋಳದ ಕಣಿಕೆಯನ್ನೇ ತಂದು, ಸಣ್ಣಗೆ ಕತ್ತರಿಸಿ, ತನ್ನ ಕೈಯಾರೆ ಗ್ವಾದಲಿ ತುಂಬಿಸಿದಳು. ಅದರ ಮೇಲೆ ಮಲಗಿಸುವ ಕೂಸಿನ ಹೊಣೆ ಬಾಯಾರದು. ಅದೊಂದು ಮಾತ್ರ ಯಾರ ಬಳಸಿದ್ದೂ ಆಗಬಾರದು ಎಂದು ಅವರು ತಾವೇ ಹೊಸ ಬಟ್ಟೆಯಲ್ಲಿ ಹೊಲಿದಿದ್ದರು. ಅದನ್ನು ಸುತ್ತಿದ ರೀತಿ ನೋಡಿ ನಾನು ನಕ್ಕೆ. ನನ್ನ ಎರಡೂ ಮಕ್ಕಳನ್ನು ದವಾಖಾನೆಯಲ್ಲಿ ಹಾಗೆಯೇ ಬಿಗಿಯಾಗಿ ಸುತ್ತಿ ನನ್ನ ಮಗ್ಗುಲಿಗೆ ಹಾಕಿದ್ದರು.

ಆ ಸಂಜೆ ಓಣಿಯೆಲ್ಲ ಅಲ್ಲಿತ್ತು. ಬಾಯಾರು ಪಡಸಾಲೆಯಲ್ಲಿ ಕುರ್ಚಿ ಹಾಕಿ, ತೊಡೆಯ ಮೇಲೆ ಬ್ಯಾಟರಿ ಇಟ್ಟುಕೊಂಡು, ಕೈಕಟ್ಟಿ ಕೂತರು. ಮಾಸ್ತರು ಕೋಣೆಯೊಳಗೆ ಕಂಪ್ಯೂಟರಿನ ಮುಂದೆ. ಒಳಗಿನಿಂದ ಅವರಿಗೆ ಅಂಗಳ ಕಾಣುತ್ತಿರಲಿಲ್ಲ, ನಮ್ಮ ದನಿ ಮಾತ್ರ ಕೇಳುತ್ತಿತ್ತು. ಅರ್ಜಿ ಶುರುವಾಯಿತು. ನವಿಲು ಗರಿ ಬಿಚ್ಚಿತು, ರಾಜರ ಡಬ್ಬಿಗಳು ಮಿಣುಗಿದವು, ನಕ್ಷತ್ರ ನಡುಗಿತು. ಅರ್ಧ ದಾಟಿತು, ಫ್ಯೂಜ್ ಹಾರಲಿಲ್ಲ. ಬಾಯಾರು ಮುಖ ಬಿಗಿ ಹಿಡಿದರೂ ಕಾಲು ತಾಳ ಹಾಕುತ್ತಿದ್ದದ್ದನ್ನು ನಾನು ನೋಡಿದೆ.

ಅದು ಆಯಿಯ ಎಮ್ಮೆ ಮೇದು ಮನೆಗೆ ಬರುವ ಹೊತ್ತು.

ಹತ್ತಿಕಾಳು ಅಂದರೆ ಎಮ್ಮೆಗೆ ಪೇಢೆ ಇದ್ದಂತೆ ಎಂಬುದು ನಮ್ಮೂರಿನ ಕೂಸಿಗೂ ಗೊತ್ತು. ಆದರೆ ಹಿಮ ಎಂದು ಹೆಸರಿಟ್ಟ ಮೇಲೆ ಅದು ಹತ್ತಿ ಎನ್ನುವುದು ನಮಗೆಲ್ಲ ಮರೆತೇ ಹೋಗಿತ್ತು. ಎಮ್ಮೆಗೆ ಯಾರೂ ತಿಳಿಸಿರಲಿಲ್ಲ. ಅದು ದಾರಿಯಲ್ಲಿ ಒಮ್ಮೆ ನಿಂತು, ಮೂಗರಳಿಸಿ, ಜನರ ನಡುವೆ ದಾರಿ ಮಾಡಿಕೊಂಡು ಸೀದಾ ಅಂಗಳಕ್ಕೆ ನಡೆಯಿತು. ನಾಲಗೆ ಚಾಚಿ ಹಿಮವನ್ನು ಗುಡಿಸಿತು. ಆಮೇಲೆ ಕುರಿಯ ಮೈಗೆ ಬಾಯಿ ಹಾಕಿ ಒಂದೇ ಎಳೆತಕ್ಕೆ ಅದರ ಉಣ್ಣೆ ಕಿತ್ತುಕೊಂಡಿತು. ಒಳಗಿನಿಂದ ಇಲಿ ಹೊರಬಂದು, ಮೈತುಂಬ ಮಿಣಮಿಣ ಎನ್ನುತ್ತ, ಎಲ್ಲರಿಗೂ ಕೈಮುಗಿಯಿತು.

ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಒಳಗಿದ್ದ ಮಾಸ್ತರರಿಗೆ ಅದು ಮೆಚ್ಚುಗೆ ಎನಿಸಿತು. ಹುರುಪಿನಲ್ಲಿ ಅವರು ದೀಪದ ವೇಗ ಇನ್ನಷ್ಟು ಹೆಚ್ಚಿಸಿದರು. ಬೆಳಕಿನ ಆ ಓಡಾಟದ ನಡುವೆ ಎಮ್ಮೆ ನಿಧಾನಕ್ಕೆ ತಿರುಗಿ, ಆಯಿ ತುಂಬಿಸಿದ ಕಣಿಕೆಯ ವಾಸನೆ ಹಿಡಿದು, ಗ್ವಾದಲಿಗೆ ಮುಖ ಇಟ್ಟಿತು.

"ಅಯ್ಯ, ಕೂಸು!"

ಕುರ್ಚಿ ಹಿಂದಕ್ಕೆ ಬಿತ್ತು. ಬಾಯಾರು ಬರಿಗಾಲಲ್ಲಿ ಓಡಿಹೋಗಿ ಎಮ್ಮೆಯ ಮೂಗಿನ ಕೆಳಗಿನಿಂದ ಆ ಬಟ್ಟೆಯ ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟತೊಡಗಿದರು. ಎಮ್ಮೆ ಬೆದರಿ ಹಿಂದೆ ಸರಿಯಿತು, ಕಾಲಿಗೆ ತಂತಿ ಸಿಕ್ಕಿತು, ಪ್ಲಗ್ಗು ಕಿತ್ತು ಬಂತು. ಎಲ್ಲವೂ ಒಮ್ಮೆಲೇ ಆರಿಹೋಯಿತು.

ಮಾಸ್ತರು ಕೈಗವಸು ಹಾಕಿಕೊಂಡೇ ಹೊರಗೆ ಬಂದರು. ಬಿದ್ದ ಕುರ್ಚಿ ನೋಡಿದರು. ನಿಂತ ಹೆಂಡತಿಯನ್ನು ನೋಡಿದರು.

"ಎದ್ದೆಲ್ಲ," ಅಂದರು. "ನಾಳೆ ಮೋಡಕಾ ಗಾಡಿ ಕರಿ." ಅಷ್ಟೇ ಹೇಳಿ ಹೋಗಿ ನಮ್ಮ ಕಟ್ಟೆಯ ಮೇಲೆ ಕೂತರು. ಬೆರಳುಗಳು ತೊಡೆಯ ಮೇಲೆ ಹಾಗೇ ಬಿದ್ದಿದ್ದವು, ಅಲುಗಾಡಲಿಲ್ಲ.

ಬಾಯಾರು ಕೂಸನ್ನು ನನ್ನ ಕೈಗೆ ಕೊಟ್ಟು, ಬ್ಯಾಟರಿ ಹಚ್ಚಿ, ಮೊದಲು ಎಮ್ಮೆಯ ದವಡೆ ಅಗಲಿಸಿ ಬಾಯೊಳಗೆ ನೋಡಿದರು. "ಬಲ್ಬ ಒಂದೂ ನುಂಗಿಲ್ಲ ಆಯಿ. ಬರೇ ಹತ್ತಿ." ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗಂಡನ ಎದುರಿಗೆ ಬಂದು ನಿಂತರು.

"ಅಲ್ಲಿ ಯಾಕ ಕುಂತೀರಿ?"

"ಸೋತೆ."

"ಫ್ಯೂಜ ಹಾರಿತೇನು?"

"ಇಲ್ಲ."

"ನಾ ಫ್ಯೂಜಿಗೆ ಎದ್ದೆನೇನು?"

"ಯಾವುದಕ್ಕ ಎದ್ದರೇನು, ಎದ್ದದ್ದಂತೂ ಖರೇ ಐತಿ. ಪಂಥ ಅಂದ್ರ ಪಂಥ."

ಬಾಯಾರು ಸೊಂಟಕ್ಕೆ ಕೈ ಇಟ್ಟರು. "ನನ್ನ ಎಬಿಸಿದವರ್ಯಾರು? ಎಮ್ಮಿ. ನಿಮ್ಮ ಅರ್ಜಿ ಹರಿದವರ್ಯಾರು? ಎಮ್ಮಿ. ನೀವೂ ಗೆದ್ದಿಲ್ಲ, ನಾನೂ ಗೆದ್ದಿಲ್ಲ. ಗೆದ್ದದ್ದು ಅದು. ಇವತ್ತಿನಿಂದ ಕೋಣಿ ಎಮ್ಮೀದು. ಏಳ್ರಿ ಇನ್ನ, ಪ್ಲಗ್ ಯಾರ ಹಾಕಬೇಕು?"

ಎಲ್ಲರಿಗಿಂತ ಮೊದಲು ಆಯಿಗೆ ಇದರ ನ್ಯಾಯ ತಿಳಿಯಿತು. "ಹಂಗಾದ್ರ ನಾಳೆ ಬಂದ ನೋಡಿ ಹೋಗತೇನಿ," ಅಂದಳು.

ಮರುದಿನ ಖರೇನೇ ಬಂದಳು. ಕೋಲಿನಿಂದ ಕೋಣೆಯ ನಡುವೆ ಗೆರೆ ಎಳೆದು, ಈ ಕಡೆ ಮಾಸ್ತರರ ಸಾಮಾನು, ಆ ಕಡೆ ಬಾಯಾರ ಹೆಂಗಸರು ಎಂದು ಮಾಲಕಳ ಪರವಾಗಿ ಅಪ್ಪಣೆ ಕೊಟ್ಟಳು. ಅಂದಿನಿಂದ ನಾವೆಲ್ಲ ಬಿ.ಪಿ. ನೋಡಿಸಿಕೊಂಡದ್ದು ನವಿಲಿನ ಬಾಲದ ಕೆಳಗೆ. ಬಾಯಾರು ತೋಳಿಗೆ ಪಟ್ಟಿ ಕಟ್ಟುವಾಗ ಗೆರೆಯಾಚೆ ಕಟಕಟ ನಡೆದೇ ಇರುತ್ತಿತ್ತು. "ಸ್ವಲ್ಪ ನಿಲ್ಲಸ್ರಿ, ಇವರ ಬಿ.ಪಿ. ಏರಾಕತ್ತೈತಿ," ಎಂದು ಬಾಯಾರು ಗದರುತ್ತಿದ್ದರು. ಹೊಸದಾಗಿ ಏನನ್ನಾದರೂ ಒಳಗೆ ತರಬೇಕಾದರೆ ಮಾಸ್ತರು ಎದುರುಮನೆಗೆ ಹೋಗಿ ಎಮ್ಮೆಯ ಮುಂದೆ ಆ ಸಾಮಾನು ಹಿಡಿದು ನಿಲ್ಲುತ್ತಿದ್ದರು. ಅದು ಕಿವಿ ಅಲ್ಲಾಡಿಸಿದರೆ ಒಪ್ಪಿಗೆ. ಕಿವಿ ಅಲ್ಲಾಡಿಸದ ಎಮ್ಮೆಯನ್ನು ನಾನಂತೂ ಕಂಡಿಲ್ಲ.

ಹೋದ ಮಳೆಗಾಲದಲ್ಲಿ ಮಾಸ್ತರು ತೀರಿಕೊಂಡು, ಪ್ರಾರ್ಥನೆ ಎಲ್ಲ ಮುಗಿದ ಮೇಲೆ, ಬಾಯಾರ ತಮ್ಮ ಹುಬ್ಬಳ್ಳಿಯಿಂದ ಬಂದು ಉಳಿದುಕೊಂಡಿದ್ದ. ಒಳ್ಳೆಯ ಮನುಷ್ಯ. ಅಕ್ಕನಿಗೆ ಅನುಕೂಲ ಮಾಡಿಕೊಡುವ ಅವಸರ ಅವನಿಗೆ. "ಅಕ್ಕಾ, ಇನ್ನೇನು, ಈ ಅರ್ಧ ಕೋಣಿ ಖಾಲಿ ಮಾಡಸೂಣು. ನಿನಗ ಬೇಕಾದಂಗ ಆಗತೈತಿ," ಅಂದ. ನಾನು ಅಲ್ಲೇ ಇದ್ದೆ.

ಬಾಯಾರು ನನ್ನ ತೋಳಿನ ಪಟ್ಟಿ ಬಿಚ್ಚುತ್ತ, ತಲೆ ಎತ್ತದೆ ಹೇಳಿದರು. "ಕೋಣಿ ನಂದಲ್ಲಪಾ. ಎದುರುಮನಿ ಆಯಿನ್ನ ಕೇಳ."

ಅವನು ಪಾಪ, ಬಾಡಿಗೆಯ ತಂಟೆ ಏನೋ ಇರಬೇಕು ಎಂದುಕೊಂಡು ಎದುರುಮನೆಗೆ ಹೋದ. ಆಯಿ ಎಲ್ಲವನ್ನೂ ಕೇಳಿಕೊಂಡು, ಎಮ್ಮೆಯನ್ನು ಕೇಳಿ ಹೇಳುತ್ತೇನೆ ಎಂದು ಕಳಿಸಿದಳು. ಅವನು ನನ್ನ ಮುಖ ನೋಡಿದ. ನಾನು ಪಲ್ಲೆ ಸೋಸುತ್ತಿದ್ದೆ. ಊರಿಗೆ ಹೊರಡುವ ದಿನ, ಕೈಯಲ್ಲಿ ಚೀಲ ಹಿಡಿದುಕೊಂಡು, ಕೊನೆಯ ಸಲ ಹೋಗಿ ಅಂಗಳದಲ್ಲಿ ನಿಂತ. ಆಯಿ ಎಮ್ಮೆಯ ಮೈ ತಿಕ್ಕುತ್ತಿದ್ದಳು.

"ಕೇಳೇನಿ ತಮ್ಮಾ," ಅಂದಳು. "ಇನ್ನಾ ಏನೂ ಅಂದಿಲ್ಲ. ಅವಸರದ ಎಮ್ಮಿ ಅಲ್ಲ ಇದು."